ಜುನ್ಮಾಯ್, ದೈಗಿಂಜೊ, ನಿಗೊರಿ: ಯಾವ ಸಾಕೆ ತಗೊಳ್ಳೋದು?

ಸಾಕೆ ಅಂದರೆ ಅಕ್ಕಿ ಹುದುಗಿಸಿ ಮಾಡುವ ಜಪಾನಿನ ಮದ್ಯ, ಈ ಮೂರೂ ಅದರ ಬಗೆಗಳು. ಜೊತೆಗೆ ಏನು ತಿನ್ನುತ್ತೀರಿ ಅನ್ನೋದನ್ನು ಮೊದಲು ನೋಡಿಕೊಳ್ಳಿ.

ಬರೀ ಪರಿಮಳ ಸವಿಯಬೇಕಾ? ಹಾಗಾದರೆ ದೈಗಿಂಜೊ. ಅಕ್ಕಿಯನ್ನು ಅರ್ಧದಷ್ಟಾದರೂ ಉಜ್ಜಿ ತೆಗೆದು, ಉಳಿದ ತಿರುಳನ್ನು ತಂಪಿನಲ್ಲಿ ನಿಧಾನಕ್ಕೆ ಹುದುಗಿಸುತ್ತಾರೆ. ಮೂಗಿನ ಹತ್ತಿರ ಹಿಡಿದರೆ ಸೇಬು, ಬಾಳೆಹಣ್ಣಿನ ವಾಸನೆ. ಹಣ್ಣೇನೂ ಹಾಕಿರಲ್ಲ, ಅದೆಲ್ಲ ಯೀಸ್ಟ್ ಕೆಲಸ. 10 ಡಿಗ್ರಿ ಆಸುಪಾಸಿನಲ್ಲಿ, ವೈನ್ ಗ್ಲಾಸಿನಲ್ಲಿ ಕುಡಿಯಿರಿ. ಬಿಸಿ ಮಾಡಿದರೆ ಘಮ ಹಾರಿಹೋಗುತ್ತದೆ, ದುಡ್ಡು ದಂಡ. ಬೆಲೆಯೂ ಸಾಮಾನ್ಯವಾಗಿ ಇದಕ್ಕೇ ಜಾಸ್ತಿ.

ಊಟದ ಜೊತೆಗಾದರೆ ನನ್ನ ಕೈ ಜುನ್ಮಾಯ್ ಕಡೆ ಹೋಗುತ್ತದೆ. ಅಕ್ಕಿ, ನೀರು, ಕೋಜಿ (ಒಂದು ಬಗೆಯ ಬೂಷ್ಟು ಬೆಳೆಸಿದ ಅಕ್ಕಿ), ಯೀಸ್ಟ್ ಅಷ್ಟೇ. ಮೇಲಿಂದ ಆಲ್ಕೋಹಾಲ್ ಸೇರಿಸಿರಲ್ಲ. ಅನ್ನದ ಘಮ, ತುಸು ಹುಳಿ, ತುಂಬಿದ ಉಮಾಮಿ, ಅಂದರೆ ಅಣಬೆ, ಸಾರುಗಳಲ್ಲಿ ಸಿಗುವಂಥ ಗಾಢ ರುಚಿ. ಬಾಟಲಿಯನ್ನೇ ಒಲೆ ಮೇಲೆ ಇಡಬೇಡಿ. ತೊಕ್ಕುರಿಗೆ (ಸಾಕೆ ಬಡಿಸುವ ಪುಟ್ಟ ಹೂಜಿ) ಸುರಿದು, ಬಿಸಿನೀರಲ್ಲಿಟ್ಟು 45 ಡಿಗ್ರಿಗೆ ತನ್ನಿ. ಸುಟ್ಟ ಮೀನಿನ ಜೊತೆ ಬಲು ಸೊಗಸು.

ನಿಗೊರಿ ಬೆಳ್ಳಗೆ, ಮಂದವಾಗಿ, ಹೆಚ್ಚಾಗಿ ಸಿಹಿ. ಖಾರದ ತಿಂಡಿಗೆ, ಹೊಸಬರಿಗೆ ಸುಲಭ. ತಳದಲ್ಲಿ ಕೂತ ಅಕ್ಕಿಯ ಕಣ ಬೆರೆಯುವಂತೆ ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಸುರಿಯಿರಿ.

ಯಾವುದಾದರೂ ಸರಿ, ತೆರೆದ ಮೇಲೆ ಫ್ರಿಜ್ಜಿಗಿಡಿ. ದೈಗಿಂಜೊ ಆದರೆ ಬೇಗ ಮುಗಿಸಿ. ಜುನ್ಮಾಯ್ ಇನ್ನೂ ಸ್ವಲ್ಪ ದಿನ ತಡೆಯುತ್ತದೆ.