ಸ್ಲೈಸ್‌ಗೆ ಮದ್ದು: ಹಿಡಿತವೋ, ತೆಂಗಿನ ಸಿಪ್ಪೆಯೋ, ಹೊಸ ಡ್ರೈವರೋ?

ಕಾರವಾರದಲ್ಲಿದ್ದುಕೊಂಡು ಗಾಲ್ಫ್ ಆಡುತ್ತೇನೆ ಅಂದರೆ ಜನ ಮೊದಲು ನಗುತ್ತಾರೆ. ನಗಲಿ. ತಿಂಗಳಿಗೆ ಒಂದೆರಡು ಸಲ ಗಡಿ ದಾಟಿ ಗೋವಾಕ್ಕೆ ಹೋಗಿ ಆಡುತ್ತೇನೆ. ಉಳಿದ ದಿನ ಅಭ್ಯಾಸವೆಲ್ಲ ಕಾಳಿ ಸೇತುವೆಯ ಆಚೆ, ಸದಾಶಿವಗಡದ ಕಡೆ ನೆಂಟರ ಗದ್ದೆಯಲ್ಲಿ. ಭತ್ತ ಕೊಯ್ದ ಮೇಲೆ ಗದ್ದೆ ಖಾಲಿ. ಆ ತುದಿಯಲ್ಲಿ ಎರಡು ತೆಂಗಿನ ಮರ. ಅವುಗಳ ನಡುವೆ ಚೆಂಡು ಹೋಗಬೇಕು. ನನ್ನದು ಹೋಗುತ್ತಿರಲಿಲ್ಲ. ನೇರ ಹೊರಟಂತೆ ಮಾಡಿ, ಅರ್ಧ ದಾರಿಯಲ್ಲಿ ಏನೋ ನೆನಪಾದವರ ಹಾಗೆ ಬಲಕ್ಕೆ ತಿರುಗಿ ಪಕ್ಕದ ಗೇರು ಬೇಣ ಸೇರುತ್ತಿತ್ತು. ಬಲಗೈ ಆಟಗಾರನ ಸ್ಲೈಸ್ ಅಂದರೆ ಇದೇ.

ಕಾರಣ ಸರಳ. ಚೆಂಡಿಗೆ ತಾಗುವ ಹೊತ್ತಿಗೆ ಕ್ಲಬ್ (ಹೊಡೆಯುವ ಕೋಲು) ಸಾಗುವ ದಾರಿಗಿಂತ ಅದರ ಮುಖ, ಅಂದರೆ ಚೆಂಡಿಗೆ ತಾಗುವ ಬದಿ, ಬಲಕ್ಕೆ ತೆರೆದಿರುತ್ತದೆ. ಚೆಂಡು ಹೊರಡುವುದು ಹೆಚ್ಚುಕಡಿಮೆ ಮುಖ ನೋಡುವ ಕಡೆಗೆ. ಆಮೇಲೆ ಎಷ್ಟು ಬಾಗುತ್ತದೆ ಅನ್ನುವುದು ಮುಖಕ್ಕೂ ದಾರಿಗೂ ಇರುವ ಅಂತರದ ಮೇಲೆ. ಹಾಗಾಗಿ ಮುಖ ಮುಚ್ಚಬೇಕು, ಇಲ್ಲ ದಾರಿ ಬದಲಿಸಬೇಕು. ದುಡ್ಡಿದ್ದವರು ಹೊಸ ಡ್ರೈವರ್, ಅಂದರೆ ದೂರದ ಹೊಡೆತದ ಕ್ಲಬ್, ಕೊಳ್ಳುತ್ತಾರೆ. ಸೋಮಾರಿಗಳು ಎಡಕ್ಕೆ ಗುರಿ ಇಟ್ಟು ಹೊಡೆಯುತ್ತಾರೆ. ನಾನು ನಾಲ್ಕನ್ನೂ ಮಾಡಿ ನೋಡಿದ್ದೇನೆ.

ಅದಕ್ಕೂ ಮೊದಲು ಬಲೆಯ ಕತೆ ಹೇಳಬೇಕು. ಬೈತಖೋಲ ಬಂದರಿನಿಂದ ಹಳೆಯ ಮೀನಿನ ಬಲೆ ತಂದು ತಾರಸಿಯ ಮೇಲೆ ಕಟ್ಟಿದ್ದೆ. ಗಾಲ್ಫ್ ಚೆಂಡಿನ ಅಡ್ಡಳತೆ 42.67 ಮಿಲಿಮೀಟರ್. ಬಲೆಯ ಕಣ್ಣು ಅದಕ್ಕಿಂತ ದೊಡ್ಡದು. ಮೊದಲ ಚೆಂಡೇ ತಾರ್ಲೆ ಮರಿಯ ಹಾಗೆ ನುಸುಳಿ ಹಿತ್ತಿಲು ಸೇರಿತು. ಸಣ್ಣ ಕಣ್ಣಿನ ಬಲೆ ತಂದೆ. ಈಗ ಚೆಂಡು ನಿಂತಿತು, ಆದರೆ ನಾಲ್ಕು ಮಾರು ದೂರದಲ್ಲಿ ನಿಂತರೆ ಬಾಗುವುದು ಕಾಣುವುದಾದರೂ ಹೇಗೆ? ಸ್ಲೈಸ್ ಹೋಯಿತು ಅಂತ ಒಂದು ತಿಂಗಳು ಖುಷಿಯಲ್ಲಿದ್ದೆ. ಗೋವಾದಲ್ಲಿ ಮೊದಲ ಟೀಯಲ್ಲೇ, ಅಂದರೆ ಆಟ ಶುರು ಮಾಡುವ ಜಾಗದಲ್ಲೇ, ಆ ಖುಷಿ ಮುಗಿಯಿತು. ಹಾಗಾಗಿ ಕೆಳಗಿನ ಪರೀಕ್ಷೆಯೆಲ್ಲ ಗದ್ದೆಯಲ್ಲಿ, ಬೆಳಿಗ್ಗೆ ಒಂಬತ್ತರ ಒಳಗೆ ಮಾಡಿದ್ದು. ಬಿಸಿಲೇರಿದ ಮೇಲೆ ಪಡುವಣ ಗಾಳಿ ಏಳುತ್ತದೆ. ನಾನು ಹೊಡೆಯುವುದು ಉತ್ತರಕ್ಕೆ. ಗಾಳಿ ಎಡದಿಂದ ತಳ್ಳಿದರೆ ಒಳ್ಳೆಯ ಹೊಡೆತವೂ ಸ್ಲೈಸೇ. ಒಂದು ವಾರ ಗಾಳಿಯ ತಪ್ಪನ್ನು ಸುಮ್ನೆ ನನ್ನ ಕೈ ಮೇಲೆ ಹೊರಿಸಿದ್ದೆ.

ಎಡಕ್ಕೆ ಗುರಿ ಇಡುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಾದ ಎಡಕ್ಕೆ ತಿರುಗಿಸಿದರೆ ಭುಜವೂ ತಿರುಗುತ್ತದೆ, ಕ್ಲಬ್ಬಿನ ದಾರಿ ಇನ್ನಷ್ಟು ಎಡಕ್ಕೆ ಹೋಗುತ್ತದೆ. ಮುಖ ಮಾತ್ರ ಗುರಿಯನ್ನೇ ನೋಡುತ್ತಿರುತ್ತದೆ. ಅಂತರ ಹೆಚ್ಚಾಯಿತು, ಅಂದರೆ ಸ್ಲೈಸೂ ಹೆಚ್ಚಾಯಿತು. ಆಟದ ದಿನ ಮರ್ಯಾದೆ ಉಳಿಸಿಕೊಳ್ಳಲು ಪರವಾಗಿಲ್ಲ, ಅಷ್ಟೇ.

ಹಿಡಿತ ಬದಲಿಸಿದ್ದು ಬೇರೆಯೇ ಅನುಭವ. ನಾನು ಕ್ರಿಕೆಟ್ ಆಡಿ ಬೆಳೆದವನು. ಎಡ ಮೊಣಕೈ ಮೇಲೆ, ಬ್ಯಾಟಿನ ಮುಖ ನೇರ, ಅದೇ ಮೈಗೆ ಹತ್ತಿದೆ. ಗಾಲ್ಫಿನಲ್ಲಿ ಅದೇ ಮಾಡಿದರೆ ಮುಖ ಮುಚ್ಚುವುದೇ ಇಲ್ಲ. ಕೆಳಗೆ ನೋಡಿದರೆ ಎಡಗೈಯ ಒಂದೇ ಗೆಣ್ಣು ಕಾಣುತ್ತಿತ್ತು. ಮೂರು ಕಾಣುವವರೆಗೆ ಕೈಯನ್ನು ಬಲಕ್ಕೆ ತಿರುಗಿಸಿ ಹಿಡಿದೆ. ಮೊದಲ ದಿನ ಬೇರೆ ಯಾರದೋ ಕೈ ಜೋಡಿಸಿಕೊಂಡ ಹಾಗಿತ್ತು. ಆದರೆ ಹತ್ತು ಚೆಂಡಿನಲ್ಲೇ ವ್ಯತ್ಯಾಸ ಕಂಡಿತು. ಬೇಣದ ಒಳಗೆ ಬೀಳುತ್ತಿದ್ದ ಚೆಂಡು ಅದರ ಬೇಲಿಗೆ ಬಂತು, ಬೇಲಿಯಿಂದ ಗದ್ದೆಗೆ ಬಂತು. ಇದರ ಜೊತೆ ಇನ್ನೊಂದು ಪಾಠ. ನಮ್ಮ ಕರಾವಳಿಯ ಬೆವರಿಗೆ ಹಿಡಿ ಜಾರುತ್ತದೆ, ಜಾರುತ್ತದೆಂದು ಬಿಗಿಯಾಗಿ ಹಿಡಿಯುತ್ತೇವೆ. ಬಿಗಿ ಹಿಡಿದರೆ ಮುಂಗೈ ತಿರುಗುವುದಿಲ್ಲ, ಮುಖ ತೆರೆದೇ ಉಳಿಯುತ್ತದೆ. ಎರಡು ಗ್ಲೌಸ್ ಇಟ್ಟುಕೊಂಡು ಬದಲಿಸುತ್ತ ಹೊಡೆದರೆ ಅರ್ಧ ಗೋಳು ಕಡಿಮೆ. ತೊಂದರೆ ಏನೆಂದರೆ, ಎರಡು ವಾರ ಕಳೆದ ಮೇಲೆ ನನ್ನ ಹಿಡಿತ ತಾನಾಗಿ ಇನ್ನೂ ತಿರುಗಿತು. ಚೆಂಡು ಎಡಕ್ಕೆ ಬಾಗತೊಡಗಿತು. ಎಡಕ್ಕೆ ಇರುವುದು ನೆಂಟರ ಬಾವಿ. ಎರಡೂವರೆ ಗೆಣ್ಣಿಗೆ ಇಳಿಸಿದೆ.

ಮೂರನೆಯದು ದಾರಿ ಬದಲಿಸುವ ಅಭ್ಯಾಸ. ಚೆಂಡಿನ ಆಚೆ ಬದಿ, ಸ್ವಲ್ಪ ಹಿಂದೆ ಏನಾದರೂ ಮೆತ್ತಗಿನದು ಇಡಬೇಕು. ಕ್ಲಬ್ ಹೊರಗಿನಿಂದ ಒಳಕ್ಕೆ ಬಂದರೆ ಮೊದಲು ಅದಕ್ಕೆ ಬಡಿಯುತ್ತದೆ. ಎಲ್ಲರೂ ಕ್ಲಬ್ಬಿನ ಟೊಪ್ಪಿ ಇಡುತ್ತಾರೆ. ನನಗೆ ಗದ್ದೆಯಲ್ಲಿ ಸಿಕ್ಕಿದ್ದು ತೆಂಗಿನ ಸಿಪ್ಪೆ. ಮೊದಲ ಬೆಳಿಗ್ಗೆ ಚೆಂಡಿಗಿಂತ ಸಿಪ್ಪೆಯೇ ಜಾಸ್ತಿ ಹಾರಿತು. ಅಳಿಯ ಮೊಬೈಲಿನಲ್ಲಿ ಹಿಡಿದ ವಿಡಿಯೊ ನೋಡಿದರೆ, ಕೆಳಗಿಳಿಯುವಾಗ ಬಲ ಭುಜ ಎಲ್ಲಕ್ಕಿಂತ ಮೊದಲು ಓಡಿ ಬರುತ್ತಿತ್ತು. ಮನೆಗೆ ಬಂದ ನೆಂಟರಿಗಿಂತ ಮೊದಲು ಊಟಕ್ಕೆ ಕೂತ ಹಾಗೆ. ಸೊಂಟ ತಿರುಗುವವರೆಗೆ ಭುಜ ಕಾಯಬೇಕು. ಅದು ಮೈಗೆ ಹತ್ತಲು ಎರಡೂವರೆ ತಿಂಗಳು ಹಿಡಿಯಿತು. ನಡುವೆ ಆಟ ಇನ್ನೂ ಕೆಟ್ಟಿತು. ಆದರೆ ಹಿಡಿತ ಚೆಂಡನ್ನು ನೇರ ಮಾಡಿತ್ತು, ಇದು ದೂರ ಕೊಟ್ಟಿತು. ಕ್ಲಬ್ ಒಳಗಿನಿಂದ ಬಂದಾಗ ಏಳುವ ಸದ್ದೇ ಬೇರೆ. ವಾರಕ್ಕೆ ಮೂರು ಬೆಳಿಗ್ಗೆ ಸಿಗುವವರು ಮಾತ್ರ ಇದಕ್ಕೆ ಕೈ ಹಾಕಿ.

ನಾಲ್ಕನೆಯದು ಗೆಳೆಯನಿಂದ ಎರವಲು ತಂದ ಡ್ರೈವರ್. ಸ್ಲೈಸ್ ಹೊಡೆಯುವವರಿಗೆಂದೇ ಮಾಡಿದ್ದು. ತೂಕವನ್ನು ಕ್ಲಬ್ಬಿನ ಹಿಮ್ಮಡಿಯ ಕಡೆ, ಅಂದರೆ ತಲೆಯಲ್ಲಿ ಕೋಲು ಸೇರುವ ಬದಿಗೆ, ಕೂರಿಸಿರುತ್ತಾರೆ, ಮುಖ ಮುಚ್ಚಲು ಸುಲಭ. ನನ್ನ ಹಳೆಯದರ ಮುಖದ ಓರೆ 9 ಡಿಗ್ರಿ, ಇದರದ್ದು 12. ಮುಖ ಹೆಚ್ಚು ಮೇಲಕ್ಕೆ ನೋಡಿದಷ್ಟೂ ಚೆಂಡು ಹಾರುವಾಗ ಹಿಮ್ಮುಖವಾಗಿ ಸುತ್ತುವುದು ಜಾಸ್ತಿ, ಪಕ್ಕಕ್ಕೆ ಬಾಗುವುದು ಕಡಿಮೆ. ಗೋವಾದಲ್ಲಿ ಹದಿನೆಂಟು ಹೋಲ್ ಇದರಲ್ಲೇ ಆಡಿದೆ. ಹಳೆಯ ಸ್ವಿಂಗಿನಲ್ಲೂ ಸ್ಲೈಸ್ ಅರ್ಧದಷ್ಟಾಯಿತು, ಸುಳ್ಳಲ್ಲ. ಆದರೆ ಮುಖಕ್ಕೆ ಟಾಲ್ಕಂ ಪೌಡರ್ ಬಳಿದು ಹೊಡೆದಾಗ ಗುರುತೆಲ್ಲ ಹಿಮ್ಮಡಿಯಲ್ಲೇ ಇತ್ತು. ಡ್ರೈವರಿನಲ್ಲಿ ಅಲ್ಲಿ ತಾಗಿದರೆ ಚೆಂಡು ಬಲಕ್ಕೇ ಬಾಗುವುದು. ಅಂದರೆ ಕ್ಲಬ್ ಒಂದು ಕಡೆ ಎಳೆಯುತ್ತಿತ್ತು, ನಾನು ಇನ್ನೊಂದು ಕಡೆ. ಐರನ್, ಅಂದರೆ ಕಡಿಮೆ ದೂರದ ಹೊಡೆತದ ಕ್ಲಬ್, ಕೈಗೆತ್ತಿಕೊಂಡರೆ ಹಳೆಯ ಕತೆಯೇ.

ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳಿದರೆ ಇವತ್ತೇ ಹಿಡಿತ ತಿದ್ದಿ ಅನ್ನುತ್ತೇನೆ. ಕಾಸು ಖರ್ಚಿಲ್ಲ, ಸಂಜೆಯೊಳಗೆ ಗೊತ್ತಾಗುತ್ತದೆ. ಸಿಪ್ಪೆ ಆಮೇಲೆ, ಗದ್ದೆ ಖಾಲಿಯಾದ ಮೇಲೆ. ಜೂನಿನಿಂದ ನಮ್ಮಲ್ಲಿ ಹೇಗೂ ಮಳೆ ಬಿಟ್ಟರೆ ಬೇರೇನೂ ಇಲ್ಲ, ಅಲ್ವಾ?

ಡ್ರೈವರನ್ನು ಹೋದ ವಾರ ವಾಪಸ್ ಕೊಟ್ಟೆ. ಗೆಳೆಯ ಕಾಯುತ್ತಲೇ ಇದ್ದ. ಅವನ ಚೆಂಡೂ ಮತ್ತೆ ಬಲಕ್ಕೆ ಹೋಗತೊಡಗಿತ್ತಂತೆ.