ದೊಡ್ಡ ಹಲಗೆಯೋ, ಗುಂಡನೆ ಗುರಾಣಿಯೋ: ವಾರ್‌ಬ್ಯಾಂಡಲ್ಲಿ ನನ್ನ ಒಂದು ಮಳೆಗಾಲ

ಮಳೆಗಾಲದಲ್ಲಿ ಶಿರಸಿ ಕಡೆಯ ಹಳ್ಳಿಯಲ್ಲಿ ಸಂಜೆ ಏಳರ ಮೇಲೆ ಮಾಡಲಿಕ್ಕೆ ಏನಿದೆ ಹೇಳಿ. ಕರೆಂಟ್ ಇದ್ದರೆ ಗೇಮು, ಇಲ್ಲದಿದ್ದರೆ ಕಂಬಳಿ. ನನ್ನ ಲ್ಯಾಪ್‌ಟಾಪಿಗೆ ಹೊಸ ಗೇಮ್ ಹಾಕಿದರೆ ಫ್ಯಾನ್ ಕೂಗಿಕೊಳ್ಳುತ್ತದೆ, ಹಾಗಾಗಿ 2010ರ 'ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್' ಗತಿ, ಕತ್ತಿ, ಗುರಾಣಿ, ಬಿಲ್ಲು ಹಿಡಿದು ಆನ್‌ಲೈನಲ್ಲಿ ಬೇರೆಯವರ ಜೊತೆ ಕಾದಾಡುವ ಗೇಮು. ಕಾರವಾರದ ಕೋಡಿಬಾಗದಲ್ಲಿರುವ ಭಾವನೂ ಅದೇ ಆಡುತ್ತಾನೆ. ಜೂನ್‌ನಿಂದ ಇಬ್ಬರೂ ಸೇರಿ ಗುರಾಣಿ ಮತ್ತು ಒಂದು ಕೈಯಲ್ಲಿ ಹಿಡಿಯುವ ಆಯುಧಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿದೆವು.

ಮೊದಲು ಪಿಂಗ್ ವಿಷಯ (ನಾವು ಒತ್ತಿದ್ದು ಗೇಮ್ ನಡೆಸುವ ದೂರದ ಸರ್ವರಿಗೆ ಹೋಗಿ ಬರಲಿಕ್ಕೆ ಹಿಡಿಯುವ ಸಮಯ, ಮಿಲಿಸೆಕೆಂಡ್ ಲೆಕ್ಕದಲ್ಲಿ), ಯಾಕೆಂದರೆ ನಮ್ಮ ಕಡೆಯವರಿಗೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ನಾವು ಸೇರುವ ಸರ್ವರ್ ಯುರೋಪಿನದ್ದು, ಪಿಂಗ್ ನೂರೈವತ್ತರ ಕೆಳಗೆ ಬಂದದ್ದು ನಾನು ನೋಡಿಲ್ಲ. ಈ ಗೇಮಲ್ಲಿ ಏಟು ನಾಲ್ಕು ದಿಕ್ಕಿನಿಂದ ಬರುತ್ತದೆ: ಮೇಲಿಂದ, ಎಡದಿಂದ, ಬಲದಿಂದ, ಮತ್ತೆ ನೇರ ತಿವಿತ. ಗುರಾಣಿ ಇಲ್ಲದಿದ್ದರೆ ಅದೇ ದಿಕ್ಕಿಗೆ ಆಯುಧ ಅಡ್ಡ ಹಿಡಿಯಬೇಕು. ನಾನು ದಿಕ್ಕು ಗುರುತಿಸುವಷ್ಟರಲ್ಲಿ ಅಲ್ಲಿ ನನ್ನ ತಲೆ ಹೋಗಿ ಆಗಿರುತ್ತದೆ. ಗುರಾಣಿ ಇದ್ದರೆ ಆ ಲೆಕ್ಕವೇ ಬೇಡ, ರೈಟ್ ಕ್ಲಿಕ್ ಒತ್ತಿ ಹಿಡಿದು ಎದುರಾಳಿಯ ಕಡೆ ಮುಖ ಮಾಡಿ ನಿಂತರೆ ಸಾಕು. ಗುರಾಣಿ ಹಿಡಿಯುವವರು ಪುಕ್ಕಲರು ಅಂತ ಬೈಯುವವರು ಒಮ್ಮೆ ನಮ್ಮನೆ ನೆಟ್ಟಲ್ಲಿ ಆಡಿ ನೋಡಲಿ.

ಗೇಮಲ್ಲಿ ಬೇರೆ ಬೇರೆ ರಾಜ್ಯದ ಪಡೆಗಳಿವೆ, ಅದರಲ್ಲಿ ರೋಡೋಕ್ ಪಡೆ ಸಿಕ್ಕರೆ ಬಾಗಿಲಿನ ಹಲಗೆಯಷ್ಟು ದೊಡ್ಡ ಗುರಾಣಿ ಸಿಗುತ್ತದೆ. ಮೊದಲ ಎರಡು ವಾರ ನಾನು ಅದನ್ನೇ ಹೊತ್ತೆ. ಬಾಣಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಗೊರಬು ಸೂಡಿಕೊಂಡು ಗದ್ದೆಗೆ ಇಳಿದ ಹಾಗೆ, ಮೇಲಿಂದ ಎಷ್ಟು ಸುರಿದರೂ ಒಳಗೆ ಬೆಚ್ಚಗೆ. ಆದರೆ ಭಾರ. ಓಟ ನಿಧಾನವಾಗುತ್ತದೆ, ಎತ್ತುವುದೂ ನಿಧಾನ, ಮತ್ತೆ ಅರ್ಧ ಪರದೆ ಅದೇ ತುಂಬಿಕೊಂಡು ಎದುರಿನವನ ಕಾಲು ಎಲ್ಲಿದೆ ಅಂತಲೇ ಕಾಣುವುದಿಲ್ಲ. ಭಾವ ಒಂದು ದಿನ ಹೆಡ್‌ಫೋನಲ್ಲಿ, "ಎಂತದಾ ಮಾರಾಯಾ, ಆ ಹಲಗೆ ಹೊತ್ಕಂಡೇ ಸಾಯ್ತ್ಯಾ?" ಅಂದ. ಅಷ್ಟರಲ್ಲಿ ಸತ್ತೂ ಆಗಿತ್ತು. ಪಕ್ಕದಿಂದ ಒಬ್ಬ ಬಂದಿದ್ದ, ತಿರುಗಲಿಕ್ಕೇ ಆಗಲಿಲ್ಲ.

ಆಮೇಲೆ ನಾರ್ಡ್ ಪಡೆಯ ಗುಂಡನೆ ಮರದ ಗುರಾಣಿಗೆ ಬಂದೆ. ಆಗ ಗೊತ್ತಾದದ್ದು: ಕತ್ತಿ ಕೊಡಲಿ ಏಟಿಗೆ ಗುರಾಣಿಯ ಗಾತ್ರ ಅಷ್ಟೇನೂ ಮುಖ್ಯವಲ್ಲ. ಎದುರಿಗೆ ಮುಖ ಇದ್ದರೆ ಚಿಕ್ಕದೂ ತಡೆಯುತ್ತದೆ, ದೊಡ್ಡದೂ ತಡೆಯುತ್ತದೆ. ಗಾತ್ರ ಬೇಕಾಗುವುದು ಬಾಣಕ್ಕೆ, ಎಸೆಯುವ ಕೊಡಲಿಗೆ, ಈಟಿ ಎಸೆತಕ್ಕೆ. ಹಾಗಾಗಿ ಗೇಮಿನ ದುಡ್ಡಲ್ಲಿ ಆಯುಧ ಕೊಳ್ಳುವ ಅಂಗಡಿ ತೆರೆದಾಗ ನಾನು ಕೇಳಿಕೊಳ್ಳುವುದು ಒಂದೇ, ಹೋದ ಸಲ ನನ್ನನ್ನು ಕೊಂದವನು ಯಾರು? ಬಿಲ್ಲಿನವನಾದರೆ ದೊಡ್ಡದು, ಕತ್ತಿಯವನಾದರೆ ಹಗುರದ್ದು. ಕೋಟೆ ಮುತ್ತಿಗೆಯಲ್ಲಿ ಏಣಿ ಹತ್ತುವಾಗ ಮಾತ್ರ ಯೋಚನೆ ಇಲ್ಲದೆ ಹಲಗೆ. ಇನ್ನೊಂದು ಉಪಾಯ, ನಾಲ್ಕು ಆಯುಧದ ಜಾಗ ಇರುತ್ತದಲ್ವಾ, ಒಂದರಲ್ಲಿ ಎರಡನೇ ಗುರಾಣಿ ಇಟ್ಟರೆ ಅದು ಬೆನ್ನ ಮೇಲೆ ನೇತಾಡುತ್ತ ಹಿಂದಿನಿಂದ ಬರುವ ಬಾಣವನ್ನೂ ತಡೆಯುತ್ತದೆ. ದುಡ್ಡಿದ್ದರೆ ಮಾತ್ರ.

ಈಗ ಆಯುಧ.

ನಾನು ಖಡ್ಗದ ಪಕ್ಷ. ಕಾರಣ ತಿವಿತ. ಕೊಡಲಿ, ಗದೆ, ಕುದುರೆಯವರ ಬಾಗಿದ ಕತ್ತಿ, ಇವು ಯಾವುದರಲ್ಲೂ ತಿವಿಯಲಿಕ್ಕೆ ಬರುವುದಿಲ್ಲ, ಮೂರೇ ದಿಕ್ಕು. ಏಣಿ ಮೇಲೆ, ಬಾಗಿಲ ಸಂದಿಯಲ್ಲಿ ಬೀಸಲಿಕ್ಕೆ ಹೋದರೆ ಗೋಡೆಗೆ ತಾಗಿ ನಿಲ್ಲುತ್ತದೆ, ಇಲ್ಲವೇ ನಮ್ಮವನದೇ ಬೆನ್ನಿಗೆ. ತಿವಿತಕ್ಕೆ ಆ ರಗಳೆ ಇಲ್ಲ. ಉದ್ದವೂ ನಮ್ಮ ಪಿಂಗಿಗೆ ದೊಡ್ಡ ಆಸರೆ: ಚುರುಕಾದ ಗಿಡ್ಡ ಆಯುಧ ಹಿಡಿದು ಹತ್ತಿರ ಹೋದರೆ ಕೈ ಚುರುಕಿರುವವನೇ ಗೆಲ್ಲುತ್ತಾನೆ, ಅವನು ನಾನಲ್ಲ.

ಭಾವ ಕೊಡಲಿ ಬಿಟ್ಟು ಬೇರೆ ಮುಟ್ಟುವುದಿಲ್ಲ. ಗೇಮಿನ ಕೊಡಲಿಗಳಿಗೆ ಗುರಾಣಿ ಒಡೆಯುವ ಹೆಚ್ಚಿನ ಬಲ ಇದೆ, ಅಂಗಡಿಯ ವಿವರಣೆಯಲ್ಲೇ ಅದನ್ನು ಬರೆದಿರುತ್ತಾರೆ. ಒಂದು ಭಾನುವಾರ ಖಾಲಿ ಸರ್ವರಲ್ಲಿ ನಾನು ಗುರಾಣಿ ಹಿಡಿದು ಸುಮ್ನೆ ನಿಂತೆ, ಅವನು ಮೊದಲು ಖಡ್ಗದಲ್ಲಿ ಹೊಡೆದ, ಮಧ್ಯದಲ್ಲಿ ನಮಗೆ ಎಣಿಕೆ ತಪ್ಪಿತು. ಅದೇ ತರದ ಹೊಸ ಗುರಾಣಿಗೆ ಕೊಡಲಿ ಹಾಕಿದ, ಬೆರಳಲ್ಲಿ ಎಣಿಸುವಷ್ಟರಲ್ಲಿ ಚೂರು. ಗುರಾಣಿ ಒಡೆದ ಮೇಲೆ ನಾನು ಏನು, ಬರೀ ಪಿಂಗ್ ಇರುವ ಮನುಷ್ಯ. ಅವನ ವಾದ ಅಲ್ಲಿಗೆ ಗೆದ್ದಿತು ಅಂತ ಒಪ್ಪಿದೆ, ಆದರೆ ಎದುರು ಪಡೆಯಲ್ಲಿ ಗುರಾಣಿ ಜಾಸ್ತಿ ಇದ್ದಾಗ ಮಾತ್ರ. ಎರಡು ಕೈಯ ಖಡ್ಗದವರೋ ಬಿಲ್ಲಿನವರೋ ತುಂಬಿರುವ ದಿನ ಭಾವನ ಕೊಡಲಿ ಗಿಡ್ಡ ಬೀಳುತ್ತದೆ, ಅವನು ಅದನ್ನು ಒಪ್ಪುವುದಿಲ್ಲ.

ಗದೆ ಮೂರ್ನಾಲ್ಕು ದಿನ ಹಿಡಿದೆ. ಭಾರೀ ಕವಚ ಹಾಕಿದವನಿಗೆ ಕತ್ತಿಯ ಅಲಗು ಸರಿಯಾಗಿ ಇಳಿಯುವುದಿಲ್ಲ, ಗದೆಯ ಪೆಟ್ಟು ಮತ್ತೆ ಪಿಕಾಸಿ ತರದ್ದರ ಮೊನೆ ಇಳಿಯುತ್ತದೆ. ಒಳ್ಳೆಯ ಮಾತು. ಆದರೆ ಎಷ್ಟು ಗಿಡ್ಡ ಅಂದರೆ ಅವನ ಕವಚದ ಹತ್ತಿರ ಹೋಗುವುದೇ ದೊಡ್ಡ ಕೆಲಸ. ಬಿಟ್ಟೆ.

ಅಗಲ ಅಲಗಿನ ಕ್ಲೀವರ್ ಒಂದಿದೆ. ನಮ್ಮನೆ ಸೊಪ್ಪು ಕಡಿಯುವ ಕತ್ತಿಯ ಅಣ್ಣನ ಹಾಗೆ ಕಾಣುತ್ತದೆ, ಅದಕ್ಕೇ ನನಗೆ ಪ್ರೀತಿ. ಕವಚ ಇಲ್ಲದ ಬಿಲ್ಲಿನವನಿಗೆ ಬಿದ್ದರೆ ಒಂದೇ ಏಟು ಸಾಕಾಗುತ್ತದೆ. ತಿವಿತ ಇಲ್ಲ, ಅದೊಂದೇ ಬೇಸರ.

ಯಾವ ಗುರಾಣಿ ಹಿಡಿದರೂ ಒಂದು ಅಪಾಯ ಇದ್ದೇ ಇದೆ, ಒದೆ. ರೈಟ್ ಕ್ಲಿಕ್ ಬಿಡದೆ ನಿಂತವನನ್ನು ಕಂಡರೆ ಹಳಬರು ಹತ್ತಿರ ಬಂದು 'ಇ' ಒತ್ತಿ ಒದೆಯುತ್ತಾರೆ, ನೀವು ತತ್ತರಿಸುವಷ್ಟರಲ್ಲಿ ಏಟು ಬಿದ್ದಿರುತ್ತದೆ. ನನಗೆ ಒಬ್ಬನೇ ಒಂದು ಸಂಜೆಯಲ್ಲಿ ಆರು ಸಲ ಒದ್ದ. ಈಗ ಏಟು ತಡೆದ ಕೂಡಲೇ ಒಂದು ಹೆಜ್ಜೆ ಹಿಂದೆ ಇಟ್ಟು ತಿವಿಯುತ್ತೇನೆ, ಒದೆ ಗಾಳಿಗೆ ಹೋಗುತ್ತದೆ.

ದುಡ್ಡು ಕಡಿಮೆ ಇರುವ ಮೊದಲ ಸುತ್ತಿನಲ್ಲಿ ನಾನು ಕವಚ ಬಿಟ್ಟು ಗುಂಡನೆ ಗುರಾಣಿ, ಉದ್ದ ಖಡ್ಗ ತಗೊಳ್ಳುತ್ತೇನೆ, ಉಳಿದರೆ ಭಾವನಿಗೆ ಕಾಣದ ಹಾಗೆ ಬೆನ್ನಿಗೊಂದು ಕೊಡಲಿ. ನಿನ್ನೆ ಅದನ್ನೇ ತೆಗೆದು ಒಬ್ಬನ ಹಲಗೆ ಒಡೆದೆ, ಇನ್ನೇನು ಅವನ ತಲೆಗೆ ಹಾಕಬೇಕು, ಕರೆಂಟ್ ಹೋಯಿತು.