ಪುಟ್ಟ ಮಕ್ಕಳೊಂದಿಗೆ ಬಳ್ಳಾರಿಯ ಸಂಗನಕಲ್ಲು ವಸ್ತುಸಂಗ್ರಹಾಲಯ

ಮೂರು ವರ್ಷದ ಆಸುಪಾಸಿನ ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವುದು ಇಲ್ಲದ ತಲೆನೋವನ್ನು ಮೈಮೇಲೆ ಎಳೆದುಕೊಂಡಂತೆ ಎಂದು ನಮ್ಮ ಮನೆಯಲ್ಲೇ ಕೆಲವರು ಎಚ್ಚರಿಸಿದ್ದರು. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ಮಗಳು ಮತ್ತು ಅಣ್ಣನ ಮಗನೊಂದಿಗೆ ನೋಡಿಬಂದ ಮೇಲೆ ನಾನು ಆ ಮಾತನ್ನು ಒಪ್ಪಲಾರೆ. ಓದು ಬಾರದ ಮಕ್ಕಳಿಗೂ ಇಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಪಕ್ಕದಲ್ಲಿ ಕೂತು ಕಥೆ ಹೇಳುವ ಹಿರಿಯರೊಬ್ಬರು ಜೊತೆಗಿರಬೇಕು.

ಪ್ರಾಣಿ-ಪಕ್ಷಿಗಳ ಮಾದರಿಗಳೇ ಬೇಕೆನ್ನುವವರು ಮೈಸೂರಿನ ಕಾರಂಜಿ ಕೆರೆಯ ಬಳಿ 1995ರಲ್ಲಿ ಆರಂಭವಾದ ಪ್ರಾದೇಶಿಕ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯಕ್ಕೇ ಹೋಗಬೇಕು. ಬಳ್ಳಾರಿಯದು ಮನುಷ್ಯನ ಕಥೆ. ಭೂವಿಜ್ಞಾನಿ ಫೂಟ್ 1872ರಲ್ಲಿ ಗುರುತಿಸಿದ ಸಂಗನಕಲ್ಲಿನ ನವಶಿಲಾಯುಗದ ನೆಲೆಯೇ ಇದರ ಜೀವಾಳ.

ಮಕ್ಕಳು ನಿಂತು ನೋಡಿದ್ದು ಕಲ್ಲಿನ ಕೊಡಲಿಗಳನ್ನು ಮತ್ತು ಅರೆಯುವ ಕಲ್ಲನ್ನು. ಜೊತೆಗೆ ಬಂದಿದ್ದ ನಮ್ಮ ಅವ್ವ ಬಗ್ಗಿ, ಎರಡೂ ಕೈಯನ್ನು ಮುಂದಕ್ಕೂ ಹಿಂದಕ್ಕೂ ಆಡಿಸುತ್ತಾ ಕಾಳು ಅರೆಯುವುದನ್ನು ಅಭಿನಯಿಸಿ ತೋರಿಸಿದಾಗ, ಮಗಳು “ಅಜ್ಜಿ, ಮಿಕ್ಸಿ ಎಲ್ಲೈತಿ?” ಎಂದು ಕೇಳಿದಳು. ಆ ಪ್ರಶ್ನೆಯ ನಂತರ ಹತ್ತು ನಿಮಿಷ ಇಬ್ಬರೂ ಅಲ್ಲಿಂದ ಕದಲಲಿಲ್ಲ. ಕೊಡಲಿಯ ವಿಷಯದಲ್ಲೂ ಹಾಗೆಯೇ: ಡಾಲರೈಟ್ ಎಂಬ ಗಟ್ಟಿ ಕರಿಕಲ್ಲನ್ನು ಒಡೆದು, ಕೆತ್ತಿ, ಬಳಿಕ ಬಂಡೆಯ ಮೇಲೆ ಉಜ್ಜಿ ಉಜ್ಜಿ ಅಂಚನ್ನು ನುಣುಪು ಮಾಡುತ್ತಿದ್ದರೆಂಬುದನ್ನು ಅಂಗೈಗೆ ಅಂಗೈ ಉಜ್ಜಿ ತೋರಿಸಿದರೆ ಅವರಿಗೆ ತಿಳಿಯುತ್ತದೆ. ಮಾನವ ವಿಕಾಸದ ವಿವರಗಳನ್ನು ಮಾತ್ರ ಈ ವಯಸ್ಸಿನವರಿಗೆ ಹೇಳಹೊರಡುವುದು ವ್ಯರ್ಥ. ಅದು ಶಾಲೆಗೆ ಹೋಗುವ ಮಕ್ಕಳಿಗೆ.

ಬೂದಿದಿಬ್ಬದ ಸಂಗತಿ ಇದಕ್ಕಿಂತಲೂ ಚೆನ್ನಾಗಿ ನಾಟುತ್ತದೆ. ಬಳ್ಳಾರಿ ಜಿಲ್ಲೆಯ ಕುಡತಿನಿಯ ಬಳಿಯ ಬೂದಿದಿಬ್ಬವನ್ನು ಜನ ರಾಕ್ಷಸ ಹಿಡಿಂಬನ ಚಿತೆಯ ಬೂದಿ ಎಂದು ಹೇಳಿಕೊಂಡು ಬಂದಿದ್ದಾರೆ. ಸಂಶೋಧಕರು ಕಂಡುಕೊಂಡಿದ್ದು, ನವಶಿಲಾಯುಗದ ಪಶುಪಾಲಕರು ಒಟ್ಟಿದ ದನದ ಸಗಣಿ ಮತ್ತೆ ಮತ್ತೆ ಉರಿದು ಆದ ಗುಡ್ಡೆಗಳಿವು ಎಂಬುದನ್ನು. ಮಕ್ಕಳಿಗೆ ಎರಡೂ ಹೇಳಬೇಕು. ನಮ್ಮವರು ರಾಕ್ಷಸನಿಗೆ ಹೆದರಲಿಲ್ಲ, ಸಗಣಿಗೆ ಬಿದ್ದು ಬಿದ್ದು ನಕ್ಕರು.

ಗಾಜಿನ ಹಿಂದಿನ ವಸ್ತುವನ್ನು ಮುಟ್ಟಬೇಡ ಎಂದು ಹೇಳುತ್ತಲೇ ಇರಬೇಕಾಗುವುದು ಎಲ್ಲ ವಸ್ತುಸಂಗ್ರಹಾಲಯಗಳಲ್ಲೂ ಇದ್ದದ್ದೇ. ಆದ್ದರಿಂದ ಮುಕ್ಕಾಲು ಗಂಟೆಗೆ ಮುಗಿಸಿ, ಊರಿನ ಹೊರಗಿರುವ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳತ್ತ ಹೊರಡುವುದೇ ಮೇಲು. ಅವುಗಳಲ್ಲೊಂದಾದ ಹಿರೇಗುಡ್ಡವೇ ಕೊಡಲಿ ತಯಾರಾದ ಜಾಗ. ಗೂಳಿಗಳ ಚಿತ್ರ ಕೊರೆದ ಬಂಡೆಗಳೂ, ಬಡಿದರೆ ಗಂಟೆಯಂತೆ ನಾದ ಕೊಡುವ ಕಲ್ಲುಗಳೂ ಅಲ್ಲಿವೆ. ಮೇಲಕ್ಕೆ ಹತ್ತುವುದು ಇಷ್ಟು ಚಿಕ್ಕವರಿಗೆ ಸಾಧ್ಯವಿಲ್ಲ, ಹತ್ತಿಸುವ ಹಟವೂ ಬೇಡ. ಬುಡದಲ್ಲೇ ನಿಂತು ಬಂಡೆಗಳ ರಾಶಿಯನ್ನು ತೋರಿಸಿದರೆ ಸಾಕು. ನಾದದ ಕಲ್ಲನ್ನು ಬಡಿದು ನೋಡುವ ಆಸೆಯನ್ನು ದೊಡ್ಡವರೂ ಹಿಡಿದಿಟ್ಟುಕೊಳ್ಳಬೇಕು, ಸಾವಿರಾರು ವರ್ಷಗಳ ಗುರುತುಗಳು ಅವುಗಳ ಮೇಲಿವೆ.

ಬಳ್ಳಾರಿಯ ಬಿಸಿಲು ಎಲ್ಲರಿಗೂ ಗೊತ್ತಿರುವುದರಿಂದ ಮಾರ್ಚ್‌ನಿಂದ ಜೂನ್‌ವರೆಗೆ ಗುಡ್ಡದ ಭಾಗವನ್ನು ಕೈಬಿಟ್ಟು ವಸ್ತುಸಂಗ್ರಹಾಲಯವನ್ನಷ್ಟೇ ನೋಡಬಹುದು. ಉಳಿದ ತಿಂಗಳುಗಳಲ್ಲಿ ಬೆಳಿಗ್ಗೆ ಮೊದಲು ಗುಡ್ಡ, ಆಮೇಲೆ ಕಟ್ಟಡ ಎಂದು ಕ್ರಮವನ್ನು ತಿರುಗಿಸಿಕೊಂಡರೂ ಅಡ್ಡಿಯಿಲ್ಲ. ಟೋಪಿ, ನೀರು, ಒಂದಿಷ್ಟು ಮಂಡಕ್ಕಿ ಚೀಲದಲ್ಲಿರಲಿ.